ಕೃತಕ ಕಾಲು ಕೊಟ್ಟರೆ ಮುಗಿಯಿತಾ?

ಮಾನ್ಯ ಸಂಪಾದಕರೇ,

ಸಕ್ಕರೆ ಕಾಯಿಲೆಯಿಂದ ನಮ್ಮ ಕಾಕಾ ಅವರ ಕಾಲನ್ನು ಮೊಣಕಾಲ ಕೆಳಗೆ ತೆಗೆದರು. ಶಿಬಿರವೊಂದರಲ್ಲಿ ಜೈಪುರ ಕಾಲು ಉಚಿತವಾಗಿ ಸಿಕ್ಕಿತು. ಈಗ ಅದು ಮೂಲೆ ಸೇರಿದೆ.

ಕತ್ತರಿಸಿದ ಮೇಲೆ ಉಳಿದ ಕಾಲಿನ ಭಾಗದ ಬಾವು ಮೊದಲ ಕೆಲವು ತಿಂಗಳಲ್ಲಿ ಇಳಿಯುತ್ತದೆ, ಕಾಲು ಸಣ್ಣಗಾಗುತ್ತದೆ, ಆಗ ಸಾಕೆಟ್ (ಕೃತಕ ಕಾಲಿನಲ್ಲಿ ಆ ಭಾಗ ಕೂರುವ ಬಟ್ಟಲು) ಸಡಿಲಾಗಿ ಚರ್ಮ ಉಜ್ಜಿ ಹುಣ್ಣಾಗುತ್ತದೆ, ಸಕ್ಕರೆ ಇದ್ದವರಿಗೆ ಅದು ಬೇಗ ಮಾಯುವುದೂ ಇಲ್ಲ. ಕಾಲುಚೀಲ ಒಂದರ ಮೇಲೊಂದು ಹಾಕಿಕೊಳ್ಳಿ, ಮುಂದೆ ಸಾಕೆಟ್ ಬದಲಿಸಬೇಕು ಅಂತ ಯಾರೂ ಹೇಳಲಿಲ್ಲ. ನಡೆಯುವುದನ್ನೂ ಕಲಿಸಲಿಲ್ಲ.

ಇದನ್ನೆಲ್ಲ ಸರಿಮಾಡಿಸಲು ಪ್ರತಿ ಸಲ ಎತ್ತರದ ಮೆಟ್ಟಿಲಿನ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗುವುದು ಇಂಥವರಿಗೆ ಆಗುತ್ತದಾ? ಪುನರ್ವಸತಿ ಸೇವೆ ಒದಗಿಸಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ, ಅಲ್ವಾ? ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಮ್ಮೆಯಾದರೂ ಫಿಸಿಯೋಥೆರಪಿಸ್ಟ್, ಸಾಕೆಟ್ ಸರಿಮಾಡುವವರು ಸಿಗಲಿ. ಯಾರ ಹೆಗಲೂ ಹಿಡಿಯದೆ ಬಚ್ಚಲಿಗೆ ಹೋಗಬೇಕು, ಮೆಣಸಿನಕಾಯಿ ಪೇಟೆಯಲ್ಲಿ ಮತ್ತೆ ಕೆಲಸ ಮಾಡಬೇಕು, ಕಾಕಾ ಕೇಳುತ್ತಿರುವುದು ಇಷ್ಟೇ.

– ಒಬ್ಬ ಓದುಗ, ಬ್ಯಾಡಗಿ