ಘಟ್ಟಕ್ಕೆ, ಉಪ್ಪುಗಾಳಿಗೆ ಒಗ್ಗುವ ಬ್ಯಾಟರಿ ಬೇಕು

ಮಾನ್ಯರೆ,

ವಿದ್ಯುತ್ ಕಾರಿನ ಮಾತು ಬಂದಾಗಲೆಲ್ಲ ನಮ್ಮ ಜಿಲ್ಲೆಯಲ್ಲಿ ‘ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಕಿಲೋಮೀಟರ್’ ಎಂಬುದೇ ಚರ್ಚೆ. ಬ್ಯಾಟರಿಯೊಳಗೆ ಏನಿದೆ ಎಂದು ಕೇಳುವವರು ಕಡಿಮೆ. ನಿಕಲ್, ಕೋಬಾಲ್ಟ್ ಬಳಸಿದ್ದು ಹಗುರ, ಹೆಚ್ಚು ದೂರ ಒಯ್ಯುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತುಸು ಭಾರವಾದರೂ ಕಾವನ್ನು ಹೆಚ್ಚು ತಾಳಿಕೊಳ್ಳುತ್ತದೆ, ಬಾಳಿಕೆಯೂ ಜಾಸ್ತಿ. ಕರಾವಳಿಯ ಸೆಕೆಗೆ ಎರಡನೆಯದೇ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ.

ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯುವಾಗ ಕಾರಿನ ಮೋಟಾರೇ ಜನರೇಟರ್ ಆಗಿ ಬ್ಯಾಟರಿಗೆ ವಿದ್ಯುತ್ ಮರಳಿಸುತ್ತದೆ, ವೇಗವನ್ನೂ ಹಿಡಿದಿಡುತ್ತದೆ. ಆದರೆ ಶಿರಸಿಯಲ್ಲೇ ನೂರಕ್ಕೆ ನೂರು ತುಂಬಿಸಿ ಹೊರಟರೆ ಆ ವಿದ್ಯುತ್ತಿಗೆ ಬ್ಯಾಟರಿಯಲ್ಲಿ ಜಾಗವಿರುವುದಿಲ್ಲ. ಹಲವು ಕಾರುಗಳಲ್ಲಿ ಆಗ ಮೋಟಾರಿನ ಹಿಡಿತ ಸಡಿಲಾಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ತಿರುವಿನ ಮೇಲೆ ತಿರುವು, ಮೇಲಿಂದ ಆಷಾಢದ ಮಳೆ. ಮಾರಾಟಗಾರರು ಕೀಲಿಕೈ ಕೊಡುವ ಮುನ್ನವೇ ಇದನ್ನು ಹೇಳಬೇಡವೇ?

ಲಿಥಿಯಂಗೆ ನಾವು ಹೊರದೇಶಗಳನ್ನೇ ನೆಚ್ಚಿದ್ದೇವೆ. ಲಿಥಿಯಂ ಬದಲು ಸೋಡಿಯಂ ಬಳಸುವ ಸೋಡಿಯಂ ಅಯಾನ್ ಬ್ಯಾಟರಿಯೂ ಇದೆ. ಅದಕ್ಕೆ ಬೇಕಾದ ಸೋಡಿಯಂ ಸಾಣಿಕಟ್ಟಾದ ಆಗರಗಳಲ್ಲಿ ಬೆಳೆಯುವ ಉಪ್ಪಿನಲ್ಲೇ ಇದೆ! ಅಷ್ಟೇ ತೂಕದ ಲಿಥಿಯಂ ಬ್ಯಾಟರಿಯಷ್ಟು ಶಕ್ತಿಯನ್ನು ಅದು ಹಿಡಿಯದು, ನಿಜ. ಊರೊಳಗೆ ಓಡುವ ಸಣ್ಣ ಕಾರು, ಆಟೊಗಳಿಗೆ ಅಷ್ಟು ಸಾಕು.

ಉಪ್ಪುಗಾಳಿಯಲ್ಲಿ ಬ್ಯಾಟರಿಯ ಕವಚ, ಜೋಡಣೆಗಳು ಎಷ್ಟು ಕಾಲ ತುಕ್ಕು ಹಿಡಿಯದೆ ಉಳಿಯುತ್ತವೆ ಎಂಬ ಪರೀಕ್ಷೆ ಕಾರವಾರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಡೆಯಲಿ. ಅದಕ್ಕೆ ಬೇಕಾದ ಹಣವನ್ನು ಸರ್ಕಾರ ಈ ವರ್ಷವೇ ಕೊಡಲಿ.

ಓದುಗ, ಶಿರಸಿ