ಮಕ್ಕಳ ಫೋನಿಗೇ ಲಿನಕ್ಸ್ ಹಾಕಿಸಿಕೊಡಿ

ಮಾನ್ಯರೇ,

ಕಳೆದ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಕೊಡಗಿನ ನಮ್ಮ ಮನೆಯಲ್ಲಿ ನಾಲ್ಕು ದಿನ ಕರೆಂಟಿರಲಿಲ್ಲ. ಬಿಸಿಎ ಓದುವ ಮಗಳ ಲ್ಯಾಪ್‌ಟಾಪ್ ಅದಕ್ಕೂ ಮೊದಲೇ ಕೆಟ್ಟಿತ್ತು. ಅವಳು ಸಿ ಪ್ರೋಗ್ರಾಂಗಳನ್ನು ಫೋನಿನಲ್ಲೇ ಅಭ್ಯಾಸ ಮಾಡಿದಳು. ಎಫ್-ಡ್ರಾಯ್ಡ್ ಎಂಬ ಆ್ಯಪ್ ಭಂಡಾರದಿಂದ ಟರ್ಮಕ್ಸ್ ಎಂಬ, ಕಮಾಂಡ್ ಟೈಪ್ ಮಾಡುವ ಆ್ಯಪ್ ಹಾಕಿಕೊಂಡು, ಅದರೊಳಗೆ ಪ್ರೂಟ್-ಡಿಸ್ಟ್ರೋ ಎಂಬ ಸಾಧನದ ಮೂಲಕ ಡೆಬಿಯನ್ (ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂನ ಒಂದು ಬಗೆ) ಇಳಿಸಿಕೊಂಡಿದ್ದಳು. ಇದಕ್ಕೆ ಫೋನನ್ನು ರೂಟ್ ಮಾಡಬೇಕಿಲ್ಲ, ಅಂದರೆ ಅದರ ಒಳಬೀಗ ತೆಗೆಯಬೇಕಿಲ್ಲ, ಆಂಡ್ರಾಯ್ಡ್ ಇದ್ದ ಹಾಗೇ ಇರುತ್ತದೆ. ಡೌನ್‌ಲೋಡಿಗೆ ಮಾತ್ರ ತೋಟದ ಮೇಲಿನ ದಿಣ್ಣೆ ಹತ್ತಬೇಕಾಯಿತು. ಸಿ ಪ್ರೋಗ್ರಾಂ ಓಡಿಸಲು ಬೇಕಾದ ಜಿಸಿಸಿ ಕಂಪೈಲರ್ ಸಮೇತ ಒಮ್ಮೆ ಇಳಿದ ಮೇಲೆ ನೆಟ್‌ವರ್ಕ್ ಬೇಕಾಗಲಿಲ್ಲ. ಚಾರ್ಜ್ ಮಾಡಿದ್ದು ಜೀಪಿನಲ್ಲಿ.

ಕೀಬೋರ್ಡ್ ಅರ್ಧ ಪರದೆ ನುಂಗುತ್ತಿತ್ತು. ಒಲೆ ಪಕ್ಕ ಕುಳಿತು, ಸೆಮಿಕೋಲನ್ ಬಿಟ್ಟುಹೋದ ಸಾಲು ಹುಡುಕಿ ತಿದ್ದಿ, ಉತ್ತರ ಮೂಡಿದ ಕೂಡಲೇ ಫೋನನ್ನು ನನ್ನ ಮುಖಕ್ಕೆ ಹಿಡಿದಳು. ಆ ಖುಷಿ ಮರೆಯಲಾರೆ.

ಕಾಲೇಜಿನಲ್ಲಿ ಇದನ್ನು ಹೇಳಿದರೆ, 'ಲ್ಯಾಪ್‌ಟಾಪ್ ತನ್ನಿ' ಎಂದಷ್ಟೇ ಉತ್ತರ. ಮೆಣಸು ಮಾರಿ ನಾವು ಹೇಗೋ ಕೊಂಡೇವು. ತೋಟದ ಕಾರ್ಮಿಕರ ಲೈನ್‌ಮನೆಯ ಮಕ್ಕಳೂ ಅದೇ ತರಗತಿಯಲ್ಲಿದ್ದಾರೆ, ಅವರು ಎಲ್ಲಿಂದ ತರಬೇಕು? ಜಿಲ್ಲೆಯ ಪದವಿ ಕಾಲೇಜುಗಳು ಮಳೆ ಬಿರುಸಾಗುವ ಮೊದಲೇ, ಲ್ಯಾಬಿನ ವೈಫೈಯಲ್ಲೇ, ಪ್ರತಿ ವಿದ್ಯಾರ್ಥಿಯ ಫೋನಿಗೂ ಇದನ್ನು ಹಾಕಿಸಿಕೊಡಲಿ.

– ಕಾಫಿ ಬೆಳೆಗಾರ್ತಿ, ನಾಪೋಕ್ಲು