ಬಜಪೆಗೆ ಮೊದಲಿನ ಕೊನೆಯ ನಿಲ್ದಾಣ

ಆತ್ಮೀಯರೇ,

ಡಿಸೆಂಬರ್ ಟಿಕೆಟುಗಳು ಹೆಚ್ಚಿನವರ ಕೈಸೇರಿವೆ. ಕಂಬಳ, ಮೇಳದ ಆಟ, ಕೋಲ, ಮದುವೆ ಎಲ್ಲವೂ ಒಂದರ ಮೇಲೊಂದು ಬರುವ ಕಾಲ. ಪರದೇಶದ ನಮ್ಮ ಕನ್ನಡ ಕೂಟದ ಕರಾವಳಿಯವರ ಮನೆಗಳಿಗೆಲ್ಲ ಇನ್ನು ಕೆಲವು ವಾರ ಬೀಗ. ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಪ್ರಶ್ನೆ: ನಡುದಾರಿಯಲ್ಲಿ ಆರೇಳು ಗಂಟೆ ಕಾಯಬೇಕು, ಜೊತೆಗೆ ಮಕ್ಕಳಿದ್ದಾರೆ, ಇಲ್ಲವೇ ಅಮ್ಮ ಒಬ್ಬರೇ ಬರುತ್ತಿದ್ದಾರೆ, ವಿಮಾನ ನಿಲ್ದಾಣದ ಯಾವ ಲೌಂಜ್ (ಊಟ, ವಿಶ್ರಾಂತಿಯ ಕೋಣೆ) ಒಳ್ಳೆಯದು? ಕೆಲಸದ ಮೇಲೆ ಸದಾ ಓಡಾಡುವ ಸದಸ್ಯರನ್ನು ಕೇಳಿ ಬರೆದುಕೊಂಡದ್ದನ್ನು ಈ ಸಲದ ಸಂಪಾದಕೀಯದಲ್ಲೇ ಕೊಡುತ್ತಿದ್ದೇವೆ.

ಅವರೆಲ್ಲರೂ ಮೊದಲು ಹೇಳಿದ್ದು ಇದು: ಕ್ರೆಡಿಟ್ ಕಾರ್ಡಿನಲ್ಲಿ ಸಿಗುವ ಉಚಿತ ಲೌಂಜ್ ಭೇಟಿಗಳಿಗೆ ಮಿತಿ ಇದ್ದರೆ ಅದನ್ನು ಹೊರಡುವ ಊರಿನಲ್ಲಿ ಮುಗಿಸಬೇಡಿ. ಮನೆಯಲ್ಲಿ ಊಟ ಮಾಡಿ, ಸ್ನಾನ ಮಾಡಿ ಹೊರಟವರಿಗೆ ಲೌಂಜಿನಿಂದ ಆಗಬೇಕಾದ್ದು ಹೆಚ್ಚೇನಿಲ್ಲ. ಹದಿನಾಲ್ಕು ಗಂಟೆ ಕುಳಿತು ಕಾಲು ಊದಿಕೊಂಡ ಮೇಲೆ, ಬಜಪೆಯ, ಅಂದರೆ ಮಂಗಳೂರು ನಿಲ್ದಾಣದ, ವಿಮಾನ ಹತ್ತುವ ಮೊದಲು, ಅದು ನಿಜವಾಗಿ ಬೇಕಾಗುತ್ತದೆ.

ಆ ಕೊನೆಯ ನಿಲ್ದಾಣ ಹಲವರಿಗೆ ಬೆಂಗಳೂರು. 2023ರ ಸೆಪ್ಟೆಂಬರಿನಿಂದ ಅಲ್ಲಿ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಟರ್ಮಿನಲ್ 2ಕ್ಕೆ ಬರುತ್ತವೆ. ಇಳಿದ ಮೇಲೆ ಇಮಿಗ್ರೇಶನ್, ಬ್ಯಾಗು, ಕಸ್ಟಮ್ಸ್. ಮಂಗಳೂರಿನವರೆಗೆ ಟ್ಯಾಗ್ ಹಾಕಿದ್ದರೂ ಬ್ಯಾಗನ್ನು ಇಲ್ಲಿ ತೆಗೆದು ಮತ್ತೆ ಕೊಡಬೇಕಾಗುತ್ತದೆ ಎಂದೇ ಲೆಕ್ಕ ಇಟ್ಟುಕೊಳ್ಳಿ. ಮುಂದಿನ ವಿಮಾನ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನದಾದರೆ ಅದೇ ಟರ್ಮಿನಲ್. ಇಂಡಿಗೋ ಆದರೆ ಹೊರಗೆ ಬಂದು ಶಟಲ್ ಬಸ್ಸಿನಲ್ಲಿ ಟರ್ಮಿನಲ್ 1ಕ್ಕೆ ಹೋಗಿ, ಬ್ಯಾಗು ಕೊಟ್ಟು, ಭದ್ರತಾ ತಪಾಸಣೆಗೆ ಮತ್ತೊಮ್ಮೆ ನಿಲ್ಲಬೇಕು. ಲೌಂಜ್ ಇರುವುದು ಇಷ್ಟೆಲ್ಲ ಮುಗಿದ ಮೇಲೆ. ಮೂರು ಗಂಟೆಯ ಅಂತರದಲ್ಲಿ ಟಿಕೆಟ್ ತೆಗೆದವರಿಗೆ ಲೌಂಜಿನ ಬಾಗಿಲು ನೋಡುವಷ್ಟು ಹೊತ್ತೂ ಉಳಿಯುವುದಿಲ್ಲ. ಐದು ಗಂಟೆ ಇದ್ದರೆ ಒಂದು ಸ್ನಾನ, ಒಂದು ಇಡ್ಲಿ, ಸ್ವಲ್ಪ ಕಣ್ಣುಮುಚ್ಚುವುದು ಸಾಧ್ಯ. ಟರ್ಮಿನಲ್ 2ರ 080 ಲೌಂಜ್ ಬಗ್ಗೆ ನಮ್ಮವರಲ್ಲಿ ಒಳ್ಳೆಯ ಮಾತಿದೆ. ಅಷ್ಟು ದೂರ ಹಾರಿ ಬಂದವರಿಗೆ ಬಿಸಿ ಕಾಫಿಯ ಜೊತೆ ಸುತ್ತಲೂ ಕನ್ನಡ ಕೇಳಿಸುವುದು ಸಣ್ಣ ಸಂಗತಿಯಲ್ಲ. ಡಿಸೆಂಬರ್–ಜನವರಿಯಲ್ಲಿ ನಿಲ್ದಾಣವಿರುವ ದೇವನಹಳ್ಳಿ ಕಡೆ ನಸುಕಿನಲ್ಲಿ ಮಂಜು ಕವಿದು ಬೆಳಗಿನ ವಿಮಾನಗಳು ತಡವಾಗುತ್ತವೆ. ಆ ಹೊತ್ತಿನಲ್ಲಿ ಲೌಂಜ್ ತುಂಬಿ, ಕಾರ್ಡಿನವರನ್ನು ಹೊರಗೆ ಸಾಲಿನಲ್ಲಿ ನಿಲ್ಲಿಸುವುದುಂಟು; ಬಿಸಿನೆಸ್ ಕ್ಲಾಸಿನವರಿಗೆ ಮೊದಲ ಆದ್ಯತೆ. ಮಕ್ಕಳ ಕೈಗೆ ತಿನ್ನಲು ಏನಾದರೂ ಇರಲಿ.

ಇನ್ನೊಂದು ದಾರಿ ಕೊಲ್ಲಿಯದು. ದುಬೈ, ಅಬುಧಾಬಿಯಿಂದ ಬಜಪೆಗೆ ನೇರ ವಿಮಾನ ಇರುವುದರಿಂದ ಅಲ್ಲಿವರೆಗೆ ಒಂದು ಟಿಕೆಟ್, ಮುಂದಕ್ಕೆ ಇನ್ನೊಂದು ಎಂದು ಬೇರೆ ಬೇರೆ ತೆಗೆಯುವವರಿದ್ದಾರೆ. ಹಣ ಉಳಿಯುತ್ತದೆ, ನಿಜ. ಆದರೆ ಟಿಕೆಟ್ ಬೇರೆಯಾದರೆ ಬ್ಯಾಗು ತಾನಾಗಿ ಮುಂದೆ ಹೋಗುವುದಿಲ್ಲ. ಅಲ್ಲಿನ ಇಮಿಗ್ರೇಶನ್ ದಾಟಿ ಬ್ಯಾಗು ತೆಗೆದು, ಬೇಕಾದರೆ ಟರ್ಮಿನಲ್ ಬದಲಿಸಿ, ಹೊಸದಾಗಿ ಚೆಕ್-ಇನ್ ಮಾಡಬೇಕು. ದುಬೈಯ ಟರ್ಮಿನಲ್ 2 ಇರುವುದು ರನ್‌ವೇಗಳ ಆಚೆ ಬದಿಯಲ್ಲಿ. ಮುಂದಿನ ವಿಮಾನ ಅಲ್ಲಿಂದಾದರೆ, ಎಮಿರೇಟ್ಸ್ ಇಳಿಯುವ ಟರ್ಮಿನಲ್ 3ರಿಂದ ಅಲ್ಲಿಗೆ ನಡೆದು ಹೋಗಲಾಗದು. ಭಾರತೀಯ ಪಾಸ್‌ಪೋರ್ಟ್ ಇರುವವರು ಟಿಕೆಟ್ ತೆಗೆಯುವ ಮೊದಲೇ ವೀಸಾ ನಿಯಮ ನೋಡಬೇಕು. ಟರ್ಮಿನಲ್ 3ರ ಮರ್ಹಬಾ, ಅಹ್ಲನ್ ಲೌಂಜುಗಳಿಗೆ ಮುಂಗಡ ಹಣ ಕಟ್ಟಿ ಹೋಗಬಹುದು, ಆದರೆ ಮುಂದಿನ ವಿಮಾನವೂ ಅದೇ ಟರ್ಮಿನಲ್ಲಿನದಾಗಿದ್ದರೆ ಮಾತ್ರ ಅದರಿಂದ ಪ್ರಯೋಜನ.

ದೋಹಾದಲ್ಲಿ ಕತಾರ್ ಏರ್‌ವೇಸಿನ ಬಿಸಿನೆಸ್ ಲೌಂಜ್ ಅಲ್ ಮುರ್ಜಾನ್ ಬಗ್ಗೆ ಕೇಳದವರು ಕಡಿಮೆ: ನೀರಿನ ಕೊಳ, ಎತ್ತರದ ಚಾವಣಿ, ಮಲಗಲು ನಿಶ್ಶಬ್ದ ಕೋಣೆ, ಮಕ್ಕಳಿಗೆ ಪ್ರತ್ಯೇಕ ಜಾಗ. ನಮ್ಮ ಪ್ರಯಾಣಿಕರು ಒಕ್ಕೊರಲಿನಿಂದ ಹೊಗಳಿದ್ದು ಇದನ್ನೇ. ಇಲ್ಲೊಂದು ಎಚ್ಚರಿಕೆ: ಕತಾರ್ ಏರ್‌ವೇಸಿನ ಬಿಸಿನೆಸ್ ಲೈಟ್ ದರದಲ್ಲಿ ಲೌಂಜ್ ಸೇರಿರುವುದಿಲ್ಲ, ಎಮಿರೇಟ್ಸಿನ ಬಿಸಿನೆಸ್ ಸ್ಪೆಷಲ್ ದರದಲ್ಲೂ ಇಲ್ಲ. ದರದ ಹೆಸರನ್ನು ಪೂರ್ತಿ ಓದಿ ಹಣ ಕಟ್ಟಿ. ಇಕಾನಮಿಯವರಿಗೆ ಅಲ್ ಮಹಾ ಲೌಂಜ್ ಇದೆ. ಅದೂ ಬೇಡವಾದರೆ ದೋಹಾದಲ್ಲಿ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆಯಾಗಿ ಹಿಂದಕ್ಕೆ ಒರಗುವ ಆಸನಗಳ ವಿಶ್ರಾಂತಿ ಕೋಣೆಗಳಿವೆ, ಪೂರ್ತಿ ಉಚಿತ. ಅಮ್ಮಂದಿರಿಗೆ ಮೊದಲು ಹೇಳಬೇಕಾದ ಜಾಗ ಅದು. ಇಸ್ತಾಂಬುಲಿನ ಟರ್ಕಿಶ್ ಏರ್‌ಲೈನ್ಸ್ ಲೌಂಜಿನ ಊಟಕ್ಕೂ ಒಳ್ಳೆಯ ಹೆಸರಿದೆ. ಆದರೆ ಅಲ್ಲಿಂದ ಮುಂಬಯಿ ಅಥವಾ ದಿಲ್ಲಿ, ಮತ್ತೆ ಇನ್ನೊಂದು ವಿಮಾನ.

ಮುಂಬಯಿ ಎಂದಾಗ ನಮ್ಮ ಹಿರಿಯರಿಗೆ ಬೇರೆಯದೇ ನೆನಪು. ಬಜಪೆಯಲ್ಲಿ ವಿಮಾನ ಇಳಿಯತೊಡಗಿದ್ದು 1951ರಲ್ಲಿ, ದುಬೈಗೆ ನೇರ ವಿಮಾನ ಬಂದದ್ದು 2006ರಲ್ಲಿ. ಈ ಎರಡರ ನಡುವೆ ಕೊಲ್ಲಿಗೆ ಹೊರಟ ನಮ್ಮವರಿಗೆಲ್ಲ ದಾರಿ ಮುಂಬಯಿಯೇ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡುವವರೆಗೆ ಹೆಚ್ಚಿನವರಿಗೆ ಬಸ್ಸೇ ಗತಿ: ಕುಂದಾಪುರ, ಭಟ್ಕಳ, ಕಾರವಾರ ದಾಟಿ ರಾತ್ರಿ ಹಗಲು ಘಾಟಿ ಹತ್ತಿ ಇಳಿಯುವ ಬಸ್ಸು. ಮುಂಬಯಿಯಲ್ಲಿ ಇಳಿದರೆ ಮೊದಲು ಹುಡುಕುತ್ತಿದ್ದುದು ಊರಿನವರ ಹೋಟೆಲನ್ನು. ಹಗಲಿಡೀ ಇಡ್ಲಿ ವಡೆ ಕೊಟ್ಟ ಹುಡುಗರು ರಾತ್ರಿ ಮೇಜುಗಳನ್ನು ಬದಿಗೆ ಸರಿಸಿ ಚಾಪೆ ಹಾಸುತ್ತಿದ್ದರು; ಅವರ ಸಾಲಿನಲ್ಲೇ ನಾಳೆ ವಿಮಾನ ಹತ್ತುವವನಿಗೂ ಒಂದು ಚಾಪೆ. ಪೆಟ್ಟಿಗೆಗೆ ಹುರಿಹಗ್ಗ ಬಿಗಿದು ಅದರ ಮೇಲೆ ಹೆಸರು ಬರೆದುಕೊಟ್ಟು, ಸಾಂಬಾರು ಅನ್ನ ಬಡಿಸಿ, ಸಹಾರ್ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಮಾಡಿ ಕಳಿಸುತ್ತಿದ್ದರು. ಹಣ ಕೇಳಿದ ನೆನಪು ಯಾರಿಗೂ ಇಲ್ಲ. ತಲುಪಿದ ಮೇಲೆ ಒಂದು ಕಾಗದ ಹಾಕು ಎಂದಷ್ಟೇ ಹೇಳುತ್ತಿದ್ದರಂತೆ. ಆ ಹೋಟೆಲುಗಳ ಋಣ ಈ ಕೂಟದ ಎಷ್ಟೋ ಮನೆಗಳ ಮೇಲಿದೆ.

ಈಗ ಆ ಚಾಪೆಯ ಜಾಗದಲ್ಲಿ ಕಾರ್ಡು ಬಂದಿದೆ. ತೊಂದರೆಯಾಗುವುದು ಹೆಚ್ಚಾಗಿ ಇಲ್ಲೇ. ಹಲವು ಲೌಂಜುಗಳಿಗೆ ಪ್ರವೇಶ ಕೊಡುವ ಪ್ರಯಾರಿಟಿ ಪಾಸ್ ಸದಸ್ಯತ್ವ ಕ್ರೆಡಿಟ್ ಕಾರ್ಡಿನ ಜೊತೆ ಉಚಿತವಾಗಿ ಬಂದರೂ ತಾನಾಗಿ ಚಾಲೂ ಆಗುವುದಿಲ್ಲ. ಬ್ಯಾಂಕಿನ ಸೈಟಿನಲ್ಲಿ ನೋಂದಾಯಿಸಿ, ಸದಸ್ಯ ಸಂಖ್ಯೆ ಪಡೆದು, ಆ್ಯಪ್‌ನಲ್ಲಿ ಕ್ಯೂಆರ್ ಕೋಡ್ ತೆರೆದಿಡಬೇಕು. ಭಾರತದ ನಿಲ್ದಾಣಗಳ ವೈಫೈ ಒಟಿಪಿ ಕೇಳುತ್ತದೆ. ಪರದೇಶದ ಸಿಮ್‌ಗೆ ಅದು ಬರದೆ ಒದ್ದಾಡುವುದಕ್ಕಿಂತ ವಿಮಾನ ಹತ್ತುವ ಮೊದಲೇ ಕೋಡ್ ಸಿದ್ಧವಿರಲಿ. ಜೊತೆಗೆ ಎಷ್ಟು ಜನ ಉಚಿತ, ಉಳಿದವರಿಗೆ ತಲಾ ಎಷ್ಟು ಎಂಬುದು ಕಾರ್ಡಿನಿಂದ ಕಾರ್ಡಿಗೆ ಬೇರೆ. ಐದು ಜನರ ಸಂಸಾರ ಒಳಗೆ ಹೋಗಿ ಬಂದ ಮೇಲೆ ಬಿಲ್ಲು ನೋಡಿ ಗಾಬರಿಯಾಗುವುದು ಬೇಡ. ಹಲವು ಲೌಂಜುಗಳಲ್ಲಿ ವಿಮಾನ ಹೊರಡುವ ಮೂರು ಗಂಟೆ ಮೊದಲಷ್ಟೇ ಪ್ರವೇಶ. ಏಳು ಗಂಟೆ ಕಾಯುವವರು ಮೊದಲ ನಾಲ್ಕು ಗಂಟೆಯನ್ನು ಹೊರಗೆ ಕಳೆಯಲು ಸಿದ್ಧರಿರಬೇಕು.

ವಿಮಾನ ಸಂಸ್ಥೆಗಳ ಒಕ್ಕೂಟವಾದ ಸ್ಟಾರ್ ಅಲಯನ್ಸಿನ ಗೋಲ್ಡ್ ಕಾರ್ಡ್ ಇರುವವರು ಗಮನಿಸಿ. ಏರ್ ಇಂಡಿಯಾ 2014ರಿಂದ ಆ ಒಕ್ಕೂಟದಲ್ಲಿದೆ, ಏರ್ ಇಂಡಿಯಾ ಎಕ್ಸ್‌ಪ್ರೆಸ್ ಇಲ್ಲ. ಬಜಪೆಗೆ ಎಕ್ಸ್‌ಪ್ರೆಸ್ ಹತ್ತುವಾಗ ಗೋಲ್ಡ್ ಕಾರ್ಡ್ ತೋರಿಸಿದರೆ ಲೌಂಜಿನಲ್ಲಿ ನಡೆಯದು.

ಅಪ್ಪ ಅಮ್ಮ ಒಬ್ಬೊಬ್ಬರೇ ಬರುವುದಾದರೆ ಇನ್ನೂ ಎಚ್ಚರ ಬೇಕು. ಮಗನ ಪಾಸಿನಲ್ಲಿ ಮಗನಿಲ್ಲದೆ ಅಮ್ಮನನ್ನು ಒಳಗೆ ಬಿಡುವುದಿಲ್ಲ, ಕೋಡ್ ವಾಟ್ಸ್ಆ್ಯಪಿನಲ್ಲಿ ಕಳಿಸಿದರೂ ಇಲ್ಲ. ಪಾಸಿನ ಹೆಸರೂ ಬೋರ್ಡಿಂಗ್ ಪಾಸಿನ ಹೆಸರೂ ಒಂದೇ ಇರಬೇಕು. ಅವರ ಹೆಸರಿನಲ್ಲೇ ಆನ್‌ಲೈನಿನಲ್ಲಿ ಹಣ ಕಟ್ಟಿ, ರಸೀದಿಯನ್ನು ಕಾಗದದಲ್ಲಿ ಮುದ್ರಿಸಿ ಕೊಡಿ. ಭಾರತದೊಳಗಿನ ಲೌಂಜಿಗೆ ಅಪ್ಪನ ಪಿಂಚಣಿ ಖಾತೆಯ ರುಪೇ ಕಾರ್ಡೇ ಸಾಕಾಗಬಹುದು, ಬ್ಯಾಂಕಿನಲ್ಲಿ ಒಮ್ಮೆ ವಿಚಾರಿಸಿ. ಎರಡು ರೂಪಾಯಿಯಂತಹ ಸಣ್ಣ ಮೊತ್ತಕ್ಕೆ ಕಾರ್ಡ್ ಉಜ್ಜುತ್ತಾರೆ, ಆಗ ಪಿನ್ ನೆನಪಿರಬೇಕು. ಹಿಂದಿನ ಮೂರು ತಿಂಗಳಲ್ಲಿ ಇಂತಿಷ್ಟು ಖರ್ಚಾಗಿರಬೇಕು ಎಂಬ ಷರತ್ತನ್ನು ಹಲವು ಬ್ಯಾಂಕುಗಳು ಹಾಕಿವೆ.

ಗಾಲಿಕುರ್ಚಿಯನ್ನು 48 ಗಂಟೆ ಮೊದಲೇ ವಿಮಾನ ಸಂಸ್ಥೆಗೆ ಹೇಳಿ. ತಳ್ಳುವವರು ಸಾಮಾನ್ಯವಾಗಿ ಗೇಟಿನ ಬಳಿಯೋ, ತಮ್ಮ ಕಾಯುವ ಜಾಗದಲ್ಲೋ ಬಿಟ್ಟು ಹೋಗುತ್ತಾರೆ. ಲೌಂಜಿಗೆ ಬಿಡಿ ಎಂದು ನಾವೇ ಹೇಳಬೇಕು, ಮತ್ತೆ ಕರೆದೊಯ್ಯಲು ಬರಬೇಕೆಂದೂ ಹೇಳಬೇಕು. ಅಂಗೈಯಗಲದ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಹೆಸರು, ವಿಮಾನದ ಸಂಖ್ಯೆ, ಲೌಂಜಿನ ಹೆಸರು, ಕರೆದೊಯ್ಯಬೇಕಾದ ಹೊತ್ತು, ದೇಶದ ಕೋಡ್ ಸಮೇತ ನಿಮ್ಮ ಫೋನ್ ಬರೆದು ಎರಡು ಪ್ರತಿ ಮಾಡಿ. ಒಂದು ಪಾಸ್‌ಪೋರ್ಟಿನೊಳಗೆ, ಇನ್ನೊಂದು ಲೌಂಜಿನ ಕೌಂಟರಿನಲ್ಲಿ ಕೊಡಲು. ಹೆಚ್ಚಿನ ಲೌಂಜುಗಳಲ್ಲಿ ವಿಮಾನದ ಘೋಷಣೆ ಮಾಡುವುದಿಲ್ಲ. ಕನ್ನಡಕ ಬ್ಯಾಗಿನಲ್ಲಿಟ್ಟು ಮಲಗಿದ ಹಿರಿಯರಿಗೆ ಪರದೆ ಕಾಣದು. ಕೌಂಟರಿನವರ ಕೈಯಲ್ಲಿರುವ ಚೀಟಿ ಆಗ ಕೆಲಸಕ್ಕೆ ಬರುತ್ತದೆ.

ಸ್ನಾನ ಬೇಕಿದ್ದವರು ಒಳಗೆ ಕಾಲಿಟ್ಟ ಕೂಡಲೇ ಹೆಸರು ಬರೆಸಬೇಕು, ಊಟ ಮುಗಿಸಿ ಕೇಳಿದರೆ ಸರದಿ ಬರುವಷ್ಟರಲ್ಲಿ ಬೋರ್ಡಿಂಗ್. ಕೈಚೀಲದಲ್ಲಿ ಒಂದು ತೆಳು ಬೈರಾಸು, ಒಂದು ಜೊತೆ ಬಟ್ಟೆ ಇರಲಿ. ಸಸ್ಯಾಹಾರಿಗಳು ಸೂಪಿನ ಬಗ್ಗೆ ಕೇಳಿಯೇ ಬಡಿಸಿಕೊಳ್ಳಿ, ತರಕಾರಿ ಸೂಪಿಗೂ ಕೋಳಿಯ ರಸ ಹಾಕುವುದುಂಟು. ಜೆಲ್ಲಿ, ಮೂಸ್‌ಗಳಲ್ಲಿ ಜೆಲಟಿನ್ ಇರಬಹುದು. ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿಗೆ, ಏಕಾದಶಿ ಹಿಡಿದವರಿಗೆ ಹಣ್ಣು, ಮೊಸರು, ಹಾಲು ಎಲ್ಲ ಕಡೆ ಸಿಗುತ್ತದೆ. ದುಬೈ, ದೋಹಾದಲ್ಲಿ ಬ್ರಿಟಿಷ್ ಮಾದರಿಯ ಮೂರು ಚೌಕ ಕಡ್ಡಿಯ ಪ್ಲಗ್. ಹಿಂದಿರುಗುವಾಗ ಉಪ್ಪಿನಕಾಯಿ, ತುಪ್ಪ ಚೆಕ್-ಇನ್ ಬ್ಯಾಗಿಗೆ. ಇಡೀ ಒಣ ಕೊಬ್ಬರಿಯನ್ನು ಬಜಪೆಯಲ್ಲಿ ತಡೆಯುತ್ತಾರೆ, ಎಣ್ಣೆಯಂಶದಿಂದ ಬೆಂಕಿ ಹತ್ತುವ ಭಯ.

ಜಾಗ ಮುಗಿಯುತ್ತಾ ಬಂತು, ಪ್ರಕಟಣೆಗಳು ಬೇಗ ಬೇಗನೆ: ರಾಜ್ಯೋತ್ಸವದ ಸಮೂಹಗಾನದ ತಾಲೀಮು ಪ್ರತಿ ಭಾನುವಾರ ಮಧ್ಯಾಹ್ನ 3ಕ್ಕೆ, ಮಕ್ಕಳು ನೀರಿನ ಬಾಟಲಿ ತರಬೇಕು. ದೀಪಾವಳಿ ಊಟಕ್ಕೆ ಹೆಸರು ಕೊಟ್ಟವರು ತರುವ ಅಡುಗೆಯನ್ನೂ ತಿಳಿಸಿ, ಈವರೆಗೆ ಬಂದದ್ದೆಲ್ಲ ಪಾಯಸವೇ. ಕನ್ನಡ ಶಾಲೆಗೆ ಡಿಸೆಂಬರಿನಲ್ಲಿ ರಜೆ. ತಾಳಮದ್ದಳೆಗೆ ಮದ್ದಳೆಯವರು ಸಿಕ್ಕಿದ್ದಾರೆ, ಭಾಗವತರು ಇನ್ನೂ ಬೇಕು.

ಒಬ್ಬೊಬ್ಬರೇ ಬರುವ ಹಿರಿಯರು ನಡುದಾರಿಯಲ್ಲಿ ಸಿಕ್ಕಿಕೊಂಡರೆ ಫೋನಿನಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿಯಲ್ಲಿ ದಾರಿ ಹೇಳುವವರ ಒಂದು ಪಟ್ಟಿ ಮಾಡುತ್ತಿದ್ದೇವೆ. ರಾತ್ರಿ ಪಾಳಿಗೆ ಯಾರೂ ಸಿಕ್ಕಿಲ್ಲ. ವಾರಕ್ಕೊಂದು ರಾತ್ರಿ ಫೋನ್ ಎತ್ತಬಲ್ಲವರು ದಯವಿಟ್ಟು ಈ ಸಂಚಿಕೆ ಬಂದ ಇಮೇಲಿಗೇ ಉತ್ತರಿಸಿ. ಪುಟ ಜೋಡಿಸಲು, ಕರಡು ತಿದ್ದಲು ಕೂಡ ಇನ್ನೊಂದು ಜೊತೆ ಕೈ ಬೇಕು. ಮುಂದಿನ ಸಂಚಿಕೆ ಸಂಕ್ರಾಂತಿಗೆ ಬರಬೇಕಾದರೆ ಕೆಲಸ ಈ ವಾರವೇ ಶುರುವಾಗಬೇಕು.

— ಸಂಪಾದಕ ಮಂಡಳಿಯ ಪರವಾಗಿ